ಮಳೆಗಾಲದ ನೆಗಡಿಗೆ ಮೆಣಸಿನ ಸಾರು

ಆರಿದ್ರಾ ಮಳೆ ಹಿಡಿಯಿತೆಂದರೆ ಮೂಡಿಗೆರೆ, ಕಳಸ, ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿ ನೆಗಡಿ ಕಾಣದ ಮನೆ ವಿರಳ. ಒಗೆದ ಬಟ್ಟೆ ಒಣಗುವುದಿಲ್ಲ, ಸೂರ್ಯನ ದರ್ಶನವಾಗುವುದಿಲ್ಲ, ಆದರೂ ತೋಟದ ಕೆಲಸ ನಡೆಯಲೇಬೇಕು. ಈ ದಿನಗಳಲ್ಲಿ ನಮ್ಮ ಬಳಿಗೆ ಬರುವವರಲ್ಲಿ ಅನೇಕರು ಕೇಳುವ ಪ್ರಶ್ನೆ ಒಂದೇ: “ಬಾಯಿಗೆ ಏನೂ ರುಚಿಸುತ್ತಿಲ್ಲ, ಏನು ಉಣ್ಣಬೇಕು?” ಇದಕ್ಕೆ ಉತ್ತರ ಅವರವರ ತೋಟದ ಮರಗಳನ್ನೇ ತಬ್ಬಿ ಬೆಳೆದಿದೆ. ಸಿಲ್ವರ್ ಓಕ್ ಮತ್ತು ಹಾಲುವಾಣದ ಮರಗಳಿಗೆ ಹಬ್ಬಿದ ಬಳ್ಳಿಯ ಕಾಳುಮೆಣಸೇ ಆ ಉತ್ತರ.

ಆಯುರ್ವೇದವು ನೆಗಡಿಯನ್ನು ‘ಪ್ರತಿಶ್ಯಾಯ’ವೆಂದು ಕರೆಯುತ್ತದೆ. ವರ್ಷಾ ಋತುವಿನಲ್ಲಿ ಜಠರಾಗ್ನಿಯು ಸಹಜವಾಗಿಯೇ ಮಂದವಾಗಿರುತ್ತದೆಂದು ನಮ್ಮ ಶಾಸ್ತ್ರಗಳು ಹೇಳುತ್ತವೆ. ನೆಗಡಿಯಾದಾಗ ಅದು ಇನ್ನಷ್ಟು ಕುಗ್ಗುತ್ತದೆ. ಆದುದರಿಂದಲೇ ಮೊದಲ ಎರಡು ಮೂರು ದಿನ ಲಘುವೂ ದ್ರವವೂ ಬಿಸಿಯೂ ಆದ ಆಹಾರವನ್ನು ವಿಧಿಸಲಾಗಿದೆ. ಶಾರ್ಙ್ಗಧರ ಸಂಹಿತೆಯು ‘ಪೇಯ’ಕ್ಕೆ, ಅಂದರೆ ತೆಳುಗಂಜಿಗೆ, ಅಕ್ಕಿಯ 14 ಪಟ್ಟು ನೀರನ್ನು ಹೇಳುತ್ತದೆ. ಅಂತಹ ಗಂಜಿಯೊಡನೆ ಮೆಣಸಿನ ಸಾರು ಸೇರಿದರೆ ರೋಗಿಗೆ ಬೇಕಾದ ಊಟ ಸಿದ್ಧವಾಯಿತು.

ನಾಲ್ವರಿಗೆ ಸಾಕಾಗುವ ಸಾರಿಗೆ ಒಂದು ಚಿಕ್ಕ ಚಮಚ ಕಾಳುಮೆಣಸು, ಒಂದೂವರೆ ಚಮಚ ಜೀರಿಗೆ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಕಾಲು ಚಮಚ ಅರಿಸಿನ, ಒಂದೆಸಳು ಕರಿಬೇವು ಹಾಗೂ ರುಚಿಗೆ ತಕ್ಕಷ್ಟು ಉಪ್ಪು ಬೇಕು. ಹುಣಸೆಯ ಬದಲು ವಾಟೆಹುಳಿಯನ್ನೂ ಬಳಸಬಹುದು. ಮೆಣಸು, ಜೀರಿಗೆಗಳನ್ನು ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದು ತರಿತರಿಯಾಗಿ ಕುಟ್ಟಿಕೊಳ್ಳಬೇಕು. ಒಂದು ಲೀಟರು ನೀರಿಗೆ ಹುಳಿಯ ರಸ, ಅರಿಸಿನ, ಉಪ್ಪು ಹಾಕಿ ಹಸಿವಾಸನೆ ಹೋಗುವಂತೆ ಹತ್ತು ನಿಮಿಷ ಕುದಿಸಿ, ಬಳಿಕ ಕುಟ್ಟಿದ ಪುಡಿಯನ್ನು ಸೇರಿಸಬೇಕು. ಎರಡು ಕುದಿ ಬಂದೊಡನೆ ಇಳಿಸಿದರೆ ಮೆಣಸಿನ ಪರಿಮಳ ಉಳಿಯುತ್ತದೆ. ಒಂದು ಚಮಚ ತುಪ್ಪದಲ್ಲಿ ಸಾಸಿವೆ, ಕರಿಬೇವು, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಸಾರು ಮುಗಿಯಿತು. ಬೆಳ್ಳುಳ್ಳಿ ಬಳಸದ ಮನೆಗಳಲ್ಲಿ ಒಂದು ಚೂರು ಹಸಿಶುಂಠಿಯನ್ನು ಜಜ್ಜಿ ಹಾಕಿದರೂ ಸರಿಯೇ. ಬಲ ಕುಗ್ಗಿದವರಿಗೆ ನೀರಿನ ಒಂದು ಭಾಗದ ಬದಲು ಬೇಯಿಸಿದ ಹುರುಳಿಯ ಕಟ್ಟನ್ನು ಬಳಸಬಹುದು.

ಬಿಸಿ ಆವಿಯು ಕಟ್ಟಿದ ಮೂಗನ್ನು ಕೆಲಹೊತ್ತು ಸಡಿಲಿಸುತ್ತದೆ. ಮೆಣಸಿನ ಖಾರವು ಸಿಂಬಳವನ್ನು ಹರಿಯಗೊಟ್ಟು ಬಾಯಿಯ ರುಚಿಯನ್ನು ಎಚ್ಚರಿಸುತ್ತದೆ. ದೇಹಕ್ಕೆ ಬೇಕಾದ ನೀರೂ ಉಪ್ಪೂ ಒದಗುತ್ತವೆ. ಆದರೆ ನೆಗಡಿಗೆ ಕಾರಣವಾದ ವೈರಾಣುವನ್ನು ಸಾರು ಕೊಲ್ಲುವುದಿಲ್ಲ. ಸಾಮಾನ್ಯ ನೆಗಡಿಯು ಏಳರಿಂದ ಹತ್ತು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಅಲ್ಲಿಯವರೆಗೆ ಶರೀರಕ್ಕೆ ಆಸರೆಯಾಗುವುದಷ್ಟೇ ಸಾರಿನ ಕೆಲಸ. ಹಾಗೆಯೇ, ಅಂಗಡಿಯಿಂದ ತಾವೇ ಕೊಂಡು ನುಂಗುವ ಆಂಟಿಬಯೋಟಿಕ್ ಮಾತ್ರೆಗಳಿಂದಲೂ ನೆಗಡಿ ಗುಣವಾಗದು.

ಖಾರ ಹೆಚ್ಚಿದಷ್ಟೂ ಗುಣ ಹೆಚ್ಚೆಂಬ ಭಾವನೆ ಸಲ್ಲದು. ಹುಳಿತೇಗು, ಎದೆಯುರಿ, ಹೊಟ್ಟೆಹುಣ್ಣು ಉಳ್ಳವರು ಮೆಣಸನ್ನೂ ಹುಳಿಯನ್ನೂ ಅರ್ಧಕ್ಕೆ ಇಳಿಸಬೇಕು, ರಕ್ತದೊತ್ತಡವಿರುವವರು ಉಪ್ಪನ್ನು ಮಿತಗೊಳಿಸಬೇಕು. ಆರು ತಿಂಗಳವರೆಗಿನ ಕೂಸಿಗೆ ತಾಯಿಯ ಹಾಲೊಂದೇ ಆಹಾರ. ವರ್ಷ ತುಂಬದ ಮಗುವಿಗೆ ಜೇನುತುಪ್ಪವನ್ನು ನೆಕ್ಕಿಸಲೇಬಾರದು. ದೊಡ್ಡವರೂ ಜೇನನ್ನು ಕುದಿಯುವ ಪದಾರ್ಥಕ್ಕೆ ಬೆರೆಸಬಾರದೆಂಬುದು ಆಯುರ್ವೇದದ ಮತ.

ಇನ್ನೊಂದು ಮಾತನ್ನು ಸದ್ಭಕ್ತರು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇವೆ. ನಮ್ಮ ಮಲೆನಾಡಿನಲ್ಲಿ ಜ್ವರಗಳೆಲ್ಲ ನೆಗಡಿಯ ಜ್ವರಗಳಲ್ಲ. ಮಳೆಗಾಲದ ಕೆಸರಿನಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಇಲಿಜ್ವರ ತಗುಲಬಹುದು. ಸೊಳ್ಳೆಯಿಂದ ಡೆಂಗಿ ಬರಬಹುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯು ಉಣುಗು ಕಡಿತದಿಂದ ಹರಡುವಂಥದು. ಮಳೆ ನಿಂತು ಬೇಸಿಗೆ ಕಳೆಯುವವರೆಗಿನ ತಿಂಗಳುಗಳಲ್ಲಿ ಅದರ ಭಯ ಹೆಚ್ಚು. ಮೂಗು ಸೋರದೆ ಒಮ್ಮೆಲೇ ಏರಿದ ಜ್ವರ, ತೀವ್ರ ತಲೆನೋವು, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಅಥವಾ ಹಳದಿಯಾಗುವುದು, ಮೂತ್ರ ಕಡಿಮೆಯಾಗುವುದು, ರಕ್ತಸ್ರಾವ, ಉಸಿರಾಟದ ಕಷ್ಟ — ಇವುಗಳಲ್ಲಿ ಯಾವುದು ಕಂಡರೂ ಅಂದೇ ವೈದ್ಯರಲ್ಲಿಗೆ ಹೋಗಬೇಕು. ಬೇರೇನೂ ಇಲ್ಲದಿದ್ದರೂ ಜ್ವರ ಮೂರು ದಿನ ಮೀರಿದರೆ ರಕ್ತಪರೀಕ್ಷೆ ಅವಶ್ಯ.

ತೋಟವುಳ್ಳ ಭಕ್ತರು ತಮ್ಮ ಲೈನ್ ಮನೆಗಳಲ್ಲಿ ಇರುವವರನ್ನೂ ನೆನೆಯಬೇಕು. ದಿನಗೂಲಿ ತಪ್ಪೀತೆಂಬ ಅಂಜಿಕೆಯಿಂದ ಅವರು ಜ್ವರವನ್ನು ಮುಚ್ಚಿಡುವುದುಂಟು. ಮರ ಬಿದ್ದು ಘಟ್ಟದ ರಸ್ತೆ ಮುಚ್ಚಿದ ಮೇಲೆ ಆಸ್ಪತ್ರೆ ಇನ್ನೂ ದೂರವಾಗುತ್ತದೆ. ಹಾಜರಿ ಬರೆಯುವ ರೈಟರಿಗೂ ಮೇಸ್ತ್ರಿಗೂ ಮೇಲಿನ ಲಕ್ಷಣಗಳನ್ನು ತಿಳಿಸಿ, ಕಾಯಿಲೆಯವರನ್ನು ಹಗಲಿರುವಾಗಲೇ ವಾಹನದಲ್ಲಿ ಕಳುಹಿಸುವ ಏರ್ಪಾಡು ಮಾಡಬೇಕು. ಬರೀ ನೆಗಡಿಯೆಂದು ತಿಳಿದರೆ, ಮನೆಯವರಿಗೆ ಕಾಯಿಸಿದ ಸಾರಿನಲ್ಲೇ ಒಂದು ತಂಬಿಗೆ ಅವರಿಗೂ ಸಲ್ಲಲಿ.