ಚಾಲಕನ ಚಿತ್ತ, ಕಾನೂನಿನ ಕಣ್ಣು

ನಮ್ಮ ವಿದ್ಯಾರ್ಥಿಗಳಿಂದ ನಾವು ಪ್ರತಿವರ್ಷವೂ ಮಾಡಿಸುವ ಒಂದು ಸಣ್ಣ ಪ್ರಯೋಗವುಂಟು. ಒಬ್ಬನು ಒಂದಡಿಯ ಅಳತೆಪಟ್ಟಿಯನ್ನು ಮೇಲ್ತುದಿಯಲ್ಲಿ ಹಿಡಿದು ನೆಟ್ಟಗೆ ತೂಗಬಿಡುತ್ತಾನೆ. ಮತ್ತೊಬ್ಬನು ಅದರ ಕೆಳತುದಿಯ ಇಕ್ಕೆಲಗಳಲ್ಲಿ ಹೆಬ್ಬೆರಳನ್ನೂ ತೋರುಬೆರಳನ್ನೂ ತಾಗದಂತೆ ಇಟ್ಟುಕೊಂಡು ಕಾಯುತ್ತಾನೆ. ಮುನ್ಸೂಚನೆಯಿಲ್ಲದೆ ಪಟ್ಟಿಯನ್ನು ಬಿಟ್ಟೊಡನೆ ಅವನು ಹಿಡಿಯಬೇಕು. 20 ಸೆಂಟಿಮೀಟರು ಜಾರಿದ ಮೇಲೆ ಹಿಡಿದನೆಂದರೆ, ಬೀಳುವ ವಸ್ತುವಿನ ನಿಯಮದಂತೆ, ಅವನ ಪ್ರತಿಕ್ರಿಯೆಯ ಕಾಲ ಸುಮಾರು 0.2 ಸೆಕೆಂಡು. ಇನ್ನು ಅವನಿಗೆ ನೂರರಿಂದ ಏಳೇಳನ್ನು ಕಳೆಯುತ್ತ ಗಟ್ಟಿಯಾಗಿ ಹೇಳುವಂತೆ ತಿಳಿಸಿ ಪ್ರಯೋಗವನ್ನು ಮತ್ತೆ ಮಾಡಬೇಕು. ಅನೇಕ ವೇಳೆ ಪಟ್ಟಿ ಬೆರಳ ಸಂದಿಯಿಂದ ಜಾರಿ ನೆಲಕ್ಕೇ ಬೀಳುತ್ತದೆ. ಕಣ್ಣು ಪಟ್ಟಿಯ ಮೇಲೆಯೇ ಇದ್ದಿತು, ಬೆರಳುಗಳು ಸಿದ್ಧವಾಗಿಯೇ ಇದ್ದವು. ಮನಸ್ಸು ಮಾತ್ರ ಎಂಬತ್ತಾರರಿಂದ ಎಪ್ಪತ್ತೊಂಬತ್ತಕ್ಕೆ ಇಳಿಯುತ್ತಿತ್ತು.

ವಾಹನ ಓಡಿಸುತ್ತ ಮೊಬೈಲಿನಲ್ಲಿ ಮಗ್ನರಾಗುವವರನ್ನು ತಡೆಯಲು ಕಾನೂನು ಮಾಡಹೊರಟವರ ತೊಡಕೆಲ್ಲ ಇದರಲ್ಲಿಯೇ ಅಡಗಿದೆ. ಕಾನೂನಿಗೆ ಕೈ ಕಾಣುತ್ತದೆ, ಚಿತ್ತ ಕಾಣುವುದಿಲ್ಲ.

ಮೊದಲು ಕಣ್ಣಿನ ಲೆಕ್ಕವನ್ನು ನೋಡೋಣ. ಗಂಟೆಗೆ 60 ಕಿಲೋಮೀಟರೆಂದರೆ ಸೆಕೆಂಡಿಗೆ ಸುಮಾರು 17 ಮೀಟರು. ಸಂದೇಶವೊಂದನ್ನು ಓದಲು ಚಾಲಕನು 2 ಸೆಕೆಂಡು ತಲೆ ತಗ್ಗಿಸಿದರೆ ಕಾರು 33 ಮೀಟರು ಕುರುಡಾಗಿ ಓಡಿರುತ್ತದೆ. ಅದೇ ವೇಗದಲ್ಲಿ, ಒಣಗಿದ ಟಾರು ರಸ್ತೆಯಲ್ಲಿ, ಬ್ರೇಕು ಹಿಡಿದ ಮೇಲೆ ಕಾರು ನಿಲ್ಲಲು ಬೇಕಾದುದು ಸುಮಾರು 20 ಮೀಟರು. ಎಂದರೆ ಬ್ರೇಕಿಗೆ ಬೇಕಾದುದಕ್ಕಿಂತ ಹೆಚ್ಚು ರಸ್ತೆಯನ್ನು ಒಂದು ನೋಟವೇ ನುಂಗಿಬಿಟ್ಟಿತು! ಅಮೆರಿಕದಲ್ಲಿ ನೂರು ಕಾರುಗಳಿಗೆ ಕ್ಯಾಮೆರಾಗಳನ್ನು ಅಳವಡಿಸಿ ನಡೆಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ರಸ್ತೆಯಿಂದ 2 ಸೆಕೆಂಡಿಗಿಂತ ಹೆಚ್ಚು ಕಾಲ ಕಣ್ಣು ತೆಗೆದರೆ ಅಪಘಾತದ ಸಂಭವ ಕಡಮೆಯೆಂದರೂ ಇಮ್ಮಡಿಯಾಗುವುದೆಂದು ಅದು ತಿಳಿಸಿತು.

ನಮ್ಮ ದೇಶದಲ್ಲಿ 1988ರ ಮೋಟಾರು ವಾಹನಗಳ ಅಧಿನಿಯಮಕ್ಕೆ 2019ರಲ್ಲಿ ಬಂದ ತಿದ್ದುಪಡಿಯು, ಕೈಯಲ್ಲಿ ಹಿಡಿಯುವ ಸಂಪರ್ಕಸಾಧನಗಳ ಬಳಕೆಯನ್ನು ಅಪಾಯಕರ ಚಾಲನೆಯ ಸಾಲಿಗೆ ಸೇರಿಸಿತು. ಮೊದಲ ತಪ್ಪಿಗೆ 1,000ದಿಂದ 5,000 ರೂಪಾಯಿಗಳ ದಂಡ, ಅಥವಾ 6 ತಿಂಗಳಿಂದ ಒಂದು ವರ್ಷದ ಸೆರೆವಾಸ, ಅಥವಾ ಎರಡೂ. ಏಕಾಗ್ರತೆಗೆ ಭಂಗ ಬಾರದಂತೆ, ದಾರಿ ನೋಡಿಕೊಳ್ಳುವುದಕ್ಕೆ ಮಾತ್ರ ಅದನ್ನು ಬಳಸಬಹುದೆಂದು 2020ರಲ್ಲಿ ನಿಯಮವಾಯಿತು. ಆದರೆ ಫೋನನ್ನು ಹೆಲ್ಮೆಟ್ಟಿನ ಸಂದಿಗೆ ತುರುಕಿ ಮಾತನಾಡುತ್ತ ಸಾಗುವ ಸ್ಕೂಟರು ಸವಾರರನ್ನು ನಮ್ಮ ಊರುಗಳಲ್ಲಿ ಯಾರು ಕಂಡಿಲ್ಲ? ಅವರ ಎರಡು ಕೈಗಳೂ ಹಿಡಿಗಳ ಮೇಲೆಯೇ ಇರುತ್ತವೆ.

ಪದಗಳನ್ನು ಎಷ್ಟು ಎಚ್ಚರದಿಂದ ಆರಿಸಬೇಕೆಂಬುದಕ್ಕೆ ಬ್ರಿಟನ್ನಿನ ಅನುಭವ ಸ್ವಾರಸ್ಯವಾಗಿದೆ. ಅಲ್ಲಿ 2003ರ ಡಿಸೆಂಬರಿನಿಂದ ನಿಷೇಧ ಜಾರಿಯಲ್ಲಿತ್ತು; ನಿಯಮವು ಹೇಳಿದ್ದು ಪರಸ್ಪರ ಸಂಪರ್ಕದ ಮಾತನ್ನು. ಒಬ್ಬ ಚಾಲಕನು ಅಪಘಾತದ ಸ್ಥಳವನ್ನು ದಾಟುತ್ತ ಫೋನಿನಿಂದ ಅದರ ಚಲನಚಿತ್ರ ತೆಗೆದನು. ಚಿತ್ರ ತೆಗೆಯುವುದು ಸಂಪರ್ಕವಲ್ಲವೆಂದು 2019ರಲ್ಲಿ ಅಲ್ಲಿನ ಹೈಕೋರ್ಟು ಆ ನಿಯಮದಂತೆ ಅವನು ತಪ್ಪಿತಸ್ಥನಲ್ಲವೆಂದಿತು. ನ್ಯಾಯಾಧೀಶರನ್ನು ದೂರುವಂತಿಲ್ಲ, ಬರೆದುದನ್ನೇ ಅವರು ಓದಿದರು. ಚಿತ್ರ ತೆಗೆಯುವುದು, ಆಟವಾಡುವುದು, ಹಾಡು ಹುಡುಕುವುದು ಎಲ್ಲವನ್ನೂ ಒಳಗೊಳ್ಳುವಂತೆ ನಿಯಮವನ್ನು ತಿದ್ದಿದ್ದು 2022ರ ಮಾರ್ಚಿಯಲ್ಲಿ. ಅಂದೂ ಇಂದೂ ಅಲ್ಲಿ ಕೈಗೆ ಮುಟ್ಟದೆ ಮಾತನಾಡುವುದಕ್ಕೆ ಅಡ್ಡಿಯಿಲ್ಲ.

ಇಲ್ಲಿಯೇ ನಮ್ಮ ಅಳತೆಪಟ್ಟಿ ನೆನಪಿಗೆ ಬರುತ್ತದೆ. 1997ರಲ್ಲಿ ಟೊರಾಂಟೊ ನಗರದ ಸಂಶೋಧಕರು, ಅಪಘಾತಕ್ಕೀಡಾದ 699 ಚಾಲಕರ ಫೋನುಗಳ ದಾಖಲೆಗಳನ್ನು ಪರಿಶೀಲಿಸಿ, ಕರೆಯ ಸಮಯದಲ್ಲಿ ಅಪಾಯವು ಸುಮಾರು ನಾಲ್ಮಡಿಯೆಂದು ಕಂಡರು. ಕೈಗೆ ಮುಟ್ಟದೆ ಬಳಸುವ ಫೋನಿನಿಂದ ಹೆಚ್ಚಿನ ಕ್ಷೇಮವೇನೂ ಕಾಣಲಿಲ್ಲ. 2003ರಲ್ಲಿ ಯೂಟಾ ವಿಶ್ವವಿದ್ಯಾನಿಲಯದವರು ಕೃತಕ ಕಾರಿನಲ್ಲಿ ಚಾಲಕರ ಕಣ್ಣಿನ ಚಲನೆಯನ್ನೇ ಅಳೆದರು. ಫೋನಿನಲ್ಲಿ ಮಾತನಾಡುತ್ತಿದ್ದವರು, ತಾವು ನೇರವಾಗಿ ದೃಷ್ಟಿಯಿಟ್ಟ ಫಲಕಗಳನ್ನು ಕೂಡ ಆಮೇಲೆ ಗುರುತಿಸಲಾರದೆ ಹೋಗುವುದು ಹೆಚ್ಚಾಗಿತ್ತು. ಬೆಳಕು ರೆಟಿನಾವನ್ನು ತಲುಪಿತ್ತು, ಅಷ್ಟೆ. ಹಾಗಾದರೆ ಪಕ್ಕದಲ್ಲಿ ಕುಳಿತವನ ಹರಟೆಗೇನು ಎಂದು ವಾಚಕರು ಕೇಳಬಹುದು. ಪಕ್ಕದವನಿಗೆ ರಸ್ತೆ ಕಾಣುತ್ತದೆ. ಎದುರಿಗೆ ಲಾರಿ ನುಗ್ಗಿದರೆ ಮಾತು ತಾನಾಗಿಯೇ ನಿಲ್ಲುತ್ತದೆ. ದೂರದ ಊರಿನಿಂದ ಮಾತನಾಡುವವನಿಗೆ ಆ ಲಾರಿಯ ಸುಳಿವೇ ಇಲ್ಲ.

ಕೈಯನ್ನು ಹಿಡಿಯುವ ಉಪಾಯಗಳು ಚೆನ್ನಾಗಿಯೇ ಬೆಳೆದಿವೆ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸಿನಲ್ಲಿ 2019ರ ಡಿಸೆಂಬರಿನಿಂದ, ಕಾರಿನೊಳಗಿನ ಫೋನನ್ನು ಮೇಲಿನಿಂದ ಗುರುತಿಸುವ ಕ್ಯಾಮೆರಾಗಳು ಕೆಲಸಮಾಡುತ್ತಿವೆ. ಚಿತ್ತವನ್ನು ಕಾಯುವುದಕ್ಕೆ ಬೇರೆ ಯುಕ್ತಿ ಬೇಕಾಯಿತು: ಕರೆ ಅಲ್ಲಿಗೆ ಮುಟ್ಟದಂತೆಯೇ ತಡೆಯುವುದು. 2017ರಿಂದ ಐಫೋನುಗಳಲ್ಲಿ ಇಂಥ ಏರ್ಪಾಡೊಂದಿದೆ. ಅದನ್ನು ಹಾಕಿಕೊಂಡಿದ್ದರೆ, ವಾಹನ ಚಲಿಸುತ್ತಿರುವುದನ್ನು ಫೋನೇ ಅರಿತು ಬಂದ ಸೂಚನೆಗಳನ್ನು ಮೌನವಾಗಿ ಕೂಡಿಡುತ್ತದೆ. ನಮಗೆ ಇದು ಎಲ್ಲಕ್ಕಿಂತ ವಿವೇಕದ ಮಾರ್ಗವೆಂದು ತೋರುತ್ತದೆ. ಇದನ್ನು ಕಡ್ಡಾಯಮಾಡಬಾರದೇಕೆ ಎಂದರೆ ಭೌತಶಾಸ್ತ್ರವೇ ಅಡ್ಡ ಬರುತ್ತದೆ. ಚಲನೆಯಿಂದ ಫೋನು ತಿಳಿಯಬಲ್ಲದ್ದು ವೇಗವನ್ನು ಮಾತ್ರ. ಚಾಲಕನಿಗೂ ಹಿಂದಿನ ಸೀಟಿನಲ್ಲಿ ಕುಳಿತ ಅವನ ಮಗಳಿಗೂ ವೇಗ ಒಂದೇ. ಆದುದರಿಂದ ‘ನಾನು ಓಡಿಸುತ್ತಿಲ್ಲ’ ಎಂಬ ಒಂದು ಗುಂಡಿಯನ್ನು ತೆರೆಯ ಮೇಲೆ ಇಡಬೇಕಾಯಿತು. ಅದನ್ನು ಒತ್ತುವ ಬೆರಳು ಯಾರದೆಂದು ಫೋನು ಕೇಳುವುದಿಲ್ಲ.