ಮುರ್ಮುಗಾಂವ್ ಬಂದರು ಮತ್ತು ಒಂದು ಜಪಾನೀ ಶಬ್ದ

ಗೋವೆಯ ಮುರ್ಮುಗಾಂವ್ ಬಂದರಿಗೂ ಜಪಾನಿಗೂ ಹಳೆಯ ನಂಟು. 1950ರ ದಶಕದಿಂದ ಗೋವೆಯ ಕಬ್ಬಿಣದ ಅದಿರು ಇಲ್ಲಿಂದ ಹಡಗೇರಿ ಜಪಾನಿನ ಉಕ್ಕಿನ ಕಾರ್ಖಾನೆಗಳನ್ನು ಸೇರತೊಡಗಿತು. ಅದಕ್ಕೆ ಎಷ್ಟೋ ಶತಮಾನ ಮೊದಲೇ ಭಾರತದ ಒಂದು ವಿಚಾರ ಚೀನದ ದಾರಿಯಾಗಿ ಅಲ್ಲಿಗೆ ಮುಟ್ಟಿತ್ತು. ಅದೇ ಅಹಿಂಸೆ.

ಜಪಾನಿನ ಬೌದ್ಧರು ಅದನ್ನು ‘ಫುಸೆಸ್ಶೋ’ ಎಂದರು. ಜೀವ ತೆಗೆಯದಿರುವುದು ಎಂದರ್ಥ. ಪಂಚಶೀಲಗಳಲ್ಲಿ ಅದೇ ಮೊದಲನೆಯದು. ಆದರೆ ಗಾಂಧೀಜಿಯವರ ಹೋರಾಟದ ಬಗ್ಗೆ ಮಾತನಾಡುವಾಗ ಜಪಾನೀಯರು ಬಳಸುವುದು ‘ಹಿಬೋರ್ಯೊಕು’ ಎಂಬ ಶಬ್ದವನ್ನು. ‘ಬೋರ್ಯೊಕು’ ಎಂದರೆ ದೌರ್ಜನ್ಯದ ಬಲ. ಮನೆಯೊಳಗಿನ ಹೊಡೆತ ಬಡಿತಕ್ಕೂ ಅಲ್ಲಿ ಇದೇ ಮಾತು. ‘ಹಿ’ ಎಂಬುದು ನಮ್ಮ ‘ಅ’ಕಾರದಂತೆ ಅದನ್ನು ನಿಷೇಧಿಸುತ್ತದೆ. ಹಾಗಾದರೆ ಹೊಡೆಯದೆ ಸುಮ್ಮನಿದ್ದರೆ ಅಹಿಂಸೆಯಾಯಿತೇ?

1943ರ ಅಕ್ಟೋಬರಿನಲ್ಲಿ, ಮಹಾಯುದ್ಧದ ನಡುವೆ, ತಟಸ್ಥ ಪೋರ್ಚುಗೀಸರ ಈ ಬಂದರಿನಲ್ಲಿ ಎರಡು ಹಡಗುಗಳು ಸೇರಿದವು. ಜಪಾನಿನ ‘ತೇಯಾ ಮಾರು’ವಿನಲ್ಲಿ ಅಮೆರಿಕ ಮೊದಲಾದ ದೇಶಗಳ ಸುಮಾರು 1,500 ನಾಗರಿಕರಿದ್ದರು, ಸ್ವೀಡನಿನ ‘ಗ್ರಿಪ್ಸ್‌ಹೋಮ್’ನಲ್ಲಿ ಹೆಚ್ಚುಕಡಿಮೆ ಅಷ್ಟೇ ಮಂದಿ ಜಪಾನೀಯರು. ಹಡಗು ಬದಲಾಯಿಸಿಕೊಂಡು ಎಲ್ಲರೂ ಊರಿನ ದಾರಿ ಹಿಡಿದರು. ಒಂದು ಗುಂಡೂ ಹಾರಲಿಲ್ಲ. ಆದರೆ ಯುದ್ಧ ನಿಲ್ಲಲಿಲ್ಲ. ಮರುವರ್ಷ ಆಗಸ್ಟಿನಲ್ಲಿ ‘ತೇಯಾ ಮಾರು’ವನ್ನು ಅಮೆರಿಕದ ಜಲಾಂತರ್ಗಾಮಿ ಮುಳುಗಿಸಿತು. ಅಂದಿನದು ಹಿಂಸೆಗೆ ದೊರೆತ ಬಿಡುವು ಮಾತ್ರ.

1955ರ ಆಗಸ್ಟ್ 15ರಂದು ಗೋವೆ ಕಂಡದ್ದೇ ಬೇರೆ. ಆಯುಧವಿಲ್ಲದ ಸತ್ಯಾಗ್ರಹಿಗಳು ಗಡಿ ದಾಟಿದರು. ಪೋರ್ಚುಗೀಸರ ಗುಂಡಿಗೆ 20ಕ್ಕೂ ಹೆಚ್ಚು ಮಂದಿ ಬಲಿಯಾದರು. ಗೋವೆ ಬಿಡುಗಡೆಯಾದುದು 1961ರ ಡಿಸೆಂಬರಿನಲ್ಲಿ, ಸೇನೆಯಿಂದ, ನಿಜ. ಆದರೂ ಕೈಯೆತ್ತದೆ ಎದುರು ನಿಂತವರು ಆ ಸತ್ಯಾಗ್ರಹಿಗಳೇ. ಇದನ್ನರಿತೇ ಇರಬೇಕು, ಗಾಂಧೀಜಿಯ ಮಾರ್ಗವನ್ನು ಹೇಳುವಾಗ ಜಪಾನೀಯರು ‘ಹಿಬೋರ್ಯೊಕು’ವಿನ ಜೊತೆಗೆ ‘ಫುಫುಕುಜೂ’ ಎಂದೂ ಸೇರಿಸುತ್ತಾರೆ. ತಲೆಬಾಗದಿರುವುದು ಎಂದು ಅದರ ಅರ್ಥ.

ಈ ಜೋಡಿ ಶಬ್ದ ನಮಗೂ ಬೇಕಾದದ್ದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ‘ನಾವು ಶಾಂತಿಪ್ರಿಯರು’ ಎಂದು ಹೇಳಿಕೊಂಡು ಬಂದಿದ್ದೇವೆ. ಕನ್ನಡ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ಬಂದಾಗ, ಕನ್ನಡದ ಅರ್ಜಿಗೆ ಕನ್ನಡದಲ್ಲಿ ಉತ್ತರ ಬಾರದಾಗ ಬಾಯಿ ಮುಚ್ಚಿ ಮನೆಗೆ ಮರಳಿದರೆ ಅದು ಶಾಂತಿಯಲ್ಲ, ಆಲಸ್ಯ. ನೆರೆಯ ಮಲಯಾಳಿ ಬಂಧುವಿನ ಮೇಲೆ ದ್ವೇಷವಿಲ್ಲದೆ, ಕಲ್ಲೆತ್ತದೆ, ಮತ್ತೆ ಮತ್ತೆ ಅದೇ ಬಾಗಿಲು ತಟ್ಟೋಣ. ಅಹಿಂಸೆಗೆ ಕೈ ಕಟ್ಟಿರಬೇಕು, ಬಾಯಿ ಕಟ್ಟಬೇಕಾಗಿಲ್ಲ.