ಮೈಲುತುತ್ತದೊಳಗಿನ ನೀರನ್ನು ಕಾಯಿಸಿ ಅಳೆಯುವ ಕ್ರಮ

ವಾರಾಹಿ ನದಿಯ ದಡದಲ್ಲಿರುವ ಹಟ್ಟಿಯಂಗಡಿಯ ಸುತ್ತಣ ಅಡಕೆ ತೋಟಗಳ ಯಜಮಾನರಿಗೆ ಮೈಲುತುತ್ತದ ಪರಿಚಯ ಹೇಳಬೇಕಾದುದಿಲ್ಲ. ನಮ್ಮ ಕರಾವಳಿಯವರು ಮಹಾಳಿಯೆನ್ನುವ ಕೊಳೆರೋಗದ ವಿಷಯವಾಗಿ ಡಾ. ಲೆಸ್ಲಿ ಕೋಲ್ಮನ್ ರವರು ಮೈಸೂರು ಸೀಮೆಯಲ್ಲಿ 1910ರಲ್ಲಿ ತಮ್ಮ ಶೋಧನೆಯನ್ನು ಪ್ರಕಟಿಸಿದರು. ಅಂದಿನಿಂದ ಇಂದಿನವರೆಗೂ ಬೋರ್ಡೋ ದ್ರಾವಣವೇ ಅದಕ್ಕೆ ಮುಖ್ಯ ಔಷಧವಾಗಿದೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರು ನೀರು ಎಂಬ ಪ್ರಮಾಣವು ಸರ್ವರಿಗೂ ಬಾಯಿಪಾಠವೇ ಸರಿ. ಆದರೆ ಆ ಒಂದು ಕಿಲೋದೊಳಗೆ ನೀರೆಷ್ಟೆಂದು ವಿಚಾರಿಸುವವರು ವಿರಳ.

ಒಣಗಿದಂತೆ ಕಾಣುವ ಶುದ್ಧವಾದ ನೀಲಿ ಹರಳಿನಲ್ಲಿಯೂ ತೂಕದಲ್ಲಿ 100ಕ್ಕೆ 36 ಭಾಗ ನೀರೇ ಇರುವುದು. ಇದು ಮೋಸವಲ್ಲ, ಹರಳಿನ ಕಟ್ಟಿಗೆ ಸೇರಿದ ನೀರು. ತಾಮ್ರವು 25½ ಭಾಗ ಮಾತ್ರ. ಕಾಯಿಸಿದರೆ ಈ ನೀರಿನ ಐದು ಪಾಲುಗಳಲ್ಲಿ ನಾಲ್ಕು ಸುಮಾರು 110 ಡಿಗ್ರಿ ಶಾಖದೊಳಗೆ ಹೋಗುವುವು. ಐದನೆಯದು 200 ಡಿಗ್ರಿ ಮೀರಿದ ಮೇಲೆಯೇ ಬಿಡುವುದು. ಆಗ ಹರಳು ಬಿಳಿಯ ಪುಡಿಯಾಗುವುದು. ತಣಿದ ಆ ಪುಡಿಗೆ ಒಂದು ತೊಟ್ಟು ನೀರು ಹಾಕಿದರೆ ಪುನಃ ನೀಲಿಯಾಗಿ ಬಿಸಿಯೇರುವುದನ್ನು ನೋಡಬಹುದು.

ಪರೀಕ್ಷೆಗೆ ಅಕ್ಕಸಾಲಿಗನ ತಕ್ಕಡಿ ಸಾಕು. ಪಿಂಗಾಣಿ ಬಟ್ಟಲನ್ನು ಮೊದಲು ಕಾಯಿಸಿ, ತಣಿಸಿ, ತೂಗಿಟ್ಟುಕೊಳ್ಳತಕ್ಕದ್ದು. ಚೀಲದ ಮೇಲ್ಭಾಗ, ನಡುಭಾಗ, ಅಡಿಭಾಗ ಮೂರರಿಂದಲೂ ತೆಗೆದು ಬೆರೆಸಿ ಪುಡಿಮಾಡಿದ ಮೈಲುತುತ್ತವನ್ನು 10 ಗ್ರಾಂ ಹಾಕಿ, ಮರಳು ತುಂಬಿದ ಬಾಣಲೆಯ ಮೇಲಿರಿಸಿ, ಬಯಲಿನಲ್ಲಿ ಮೆಲ್ಲಗೆ ಕಾಯಿಸಬೇಕು. ಅವಸರದಿಂದ ಉರಿಹೆಚ್ಚಿಸಿದರೆ ಪುಡಿಯು ಸಿಡಿದು ಲೆಕ್ಕ ಕೆಡುವುದು; ಅತಿಯಾಗಿ ಕಾಸಿದರೆ ಕಪ್ಪಾಗಿ ಗಂಧಕದ ಹೊಗೆ ಬರುವುದು. ನೀಲಿ ಬಣ್ಣ ಪೂರ್ತಿ ಅಳಿದ ಬಳಿಕ, ಸುಟ್ಟ ಸುಣ್ಣದ ಹರಳುಗಳಿರುವ ಮುಚ್ಚಿದ ಡಬ್ಬಿಯೊಳಗೆ ತಣಿಸಿ ತೂಗಬೇಕು. ಮಳೆಗಾಲದ ನಮ್ಮ ಗಾಳಿಯಲ್ಲಿ ತೆರೆದಿಟ್ಟರೆ ಪುಡಿಯು ತೇವವನ್ನು ಹಿಂದಕ್ಕೆ ಹೀರಿಕೊಳ್ಳುವುದು. ಎರಡು ಸಲದ ತೂಕ ಒಂದೇ ಆಗುವ ತನಕ ಕಾಯಿಸುವುದನ್ನೂ ತೂಗುವುದನ್ನೂ ಮರಳಿ ಮಾಡತಕ್ಕದ್ದು.

ಉಳಿಯಬೇಕಾದುದು 6.4 ಗ್ರಾಂ. 6.1 ಮಾತ್ರ ಉಳಿದರೆ, 10 ಗ್ರಾಮಿನಲ್ಲಿ ನಿಜವಾದ ಹರಳು 9½ ಗ್ರಾಮಿನಷ್ಟೇ. ಮಿಕ್ಕದ್ದು ಚೀಲದ ತೇವ. ನೂರಕ್ಕೆ ಒಂದೆರಡರ ವ್ಯತ್ಯಾಸಕ್ಕೆ ಅಂಗಡಿಯವನೊಡನೆ ಜಗಳವಾಡುವುದು ನನ್ನ ಮತದಲ್ಲಿ ವ್ಯರ್ಥ. ಹತ್ತು ಹದಿನೈದಾದರೆ ಹಣವೂ ಹೋಯಿತು, ಔಷಧದ ಬಲವೂ ಕುಗ್ಗಿತು.

ಇದಕ್ಕೆ ವಿರುದ್ಧವಾದ ಅಪಾಯವೊಂದುಂಟು. ಬಿಸಿಯಾದ ಸ್ಥಳದಲ್ಲಿ ಬಹುಕಾಲವಿದ್ದು ಬಿಳಿಚಿಕೊಂಡ ಸರಕಿನಲ್ಲಿ ನೀರು ಕಡಮೆ, ತಾಮ್ರ ಹೆಚ್ಚು. ಪೂರ್ತಿ ಬಿಳಿಯಾದುದಾದರೆ 640 ಗ್ರಾಮಿಗೇ ಒಂದು ಕಿಲೋ ಹರಳಿನ ಬಲವಿರುವುದು. ಇದನ್ನರಿಯದೆ ಒಂದು ಕಿಲೋ ಹಾಕಿದಲ್ಲಿ ಸುಣ್ಣ ಸಾಲದೆ ಎಳೆಯ ಕಾಯಿ ಸುಡುವ ಭಯವಿದೆ. ಆದುದರಿಂದ ದ್ರಾವಣಕ್ಕೆ ಹೊಳಪುಳ್ಳ ಕಬ್ಬಿಣದ ಚೂರಿಯನ್ನದ್ದಿ, ತಾಮ್ರದ ಕೆಂಪು ಹತ್ತುವುದೋ ಎಂದು ನೋಡಿಯೇ ಸಿಂಪಡಿಸತಕ್ಕದ್ದು. ಹತ್ತಿದರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು.

ಕಲಬೆರಕೆಯನ್ನೆಲ್ಲ ಈ ಕಾಯಿಸುವಿಕೆಯೊಂದೇ ಹೊರಗೆಡಹದು. ಅನ್ನಭೇದಿಯಲ್ಲಿ 100ಕ್ಕೆ 45 ಭಾಗ ನೀರಿರುವುದರಿಂದ ಅದು ಬೆರೆತಿದ್ದರೆ ಶೇಷ ಕಡಮೆಯಾಗಿ, ಕಂದುಬಣ್ಣ ತೋರಬಹುದು. ಅಡಿಗೆ ಉಪ್ಪು ಬೆರೆತಿದ್ದರೆ ಶೇಷ 6.4ಕ್ಕೆ ಮೀರುವುದು. ಎರಡೂ ಬೆರೆತಿದ್ದರೆ ತೂಕವು ಸರಿಯಾಗಿಯೇ ಬಂದು ನಮ್ಮನ್ನು ವಂಚಿಸಬಹುದು. ಅಂಥ ಸಂಶಯವಿದ್ದಲ್ಲಿ ಮಾದರಿಯೊಡನೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದವರ ಸಲಹೆ ಕೇಳುವುದು ಲೇಸು.

ಪರೀಕ್ಷೆಗೆ ಬಳಸಿದ ಬಟ್ಟಲನ್ನೂ ಬಾಣಲೆಯನ್ನೂ ಮರಳಿ ಅಡಿಗೆಮನೆಗೆ ಒಯ್ಯಕೂಡದು.